ಒಗ್ಗರಣೆಗೆ ಮುಂಚಿನ ಪಾಲು

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬೀದಿಯಿಂದ ತಂದು ಸಾಕಿದ ಕರಿಯ ಹತ್ತು ಕೆಜಿಗೆ ಬಂದಿದ್ದಾನೆ, ಪ್ಯಾಕೆಟ್ ಆಹಾರಕ್ಕೆ ಸಂಬಳ ಸಾಲುತ್ತಿಲ್ಲ, ತಿಂಗಳ ಕೊನೆಗೆ ಹಾಲನ್ನ ಮತ್ತು ಗ್ಲೂಕೋಸ್ ಬಿಸ್ಕತ್ತಿನಲ್ಲೇ ದಿನ ದೂಡುತ್ತಿದ್ದೇನೆ ಎಂದು ಬರೆದಿದ್ದೀಯ. ಬಾಡಿಗೆ ಕೋಣೆಯಲ್ಲಿ ನಾಯಿ ಸಾಕಿಕೊಂಡು ಇದೇ ಪಾಡು ಪಡುವ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದಾರೆ. ಅದಕ್ಕೇ ಉತ್ತರವನ್ನು ಪತ್ರಿಕೆಗೆ ಕೊಟ್ಟೆ.

ಬಿಸ್ಕತ್ತನ್ನು ಇವತ್ತೇ ನಿಲ್ಲಿಸು. ಹಿಟ್ಟು, ಸಕ್ಕರೆ ಅಷ್ಟೇ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಹಾಲು ಎಷ್ಟೋ ದೊಡ್ಡ ನಾಯಿಗಳಿಗೆ ಅರಗದೆ ಭೇದಿಯಾಗುತ್ತದೆ. ಒಂದೆರಡು ಚಮಚ ಮೊಸರು ನಡೆದೀತು.

ನಮ್ಮಲ್ಲಿ ನಾಯಿಗೆ ಹಾಕುವುದೆಂದರೆ ಎಲ್ಲರ ಊಟ ಮುಗಿದು ಉಳಿದದ್ದು. ತೊಂದರೆ ಇರುವುದೇ ಅಲ್ಲಿ. ಸಾರಿನ ಉಪ್ಪು ಖಾರ ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವರ್ಜ್ಯ. ಆದ್ದರಿಂದ ಅವನ ಪಾಲನ್ನು ಒಗ್ಗರಣೆಗೆ ಮುಂಚೆಯೇ ತೆಗೆದಿಡು. ಬೇಳೆ ಬೆಂದಾಗ ಒಂದು ಸೌಟು, ಕುಂಬಳಕಾಯಿ ಬೆಂದಾಗ ನಾಲ್ಕು ಹೋಳು. ಗ್ಯಾಸೂ ಉಳಿಯಿತು, ಬೇರೆ ಅಡುಗೆಯ ರಗಳೆಯೂ ತಪ್ಪಿತು.

ಅನ್ನ, ರಾಗಿ ನಾಯಿಗೆ ಆಗಿಬರುವುದಿಲ್ಲ ಎಂದು ಹೆದರಿಸುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಪಿಷ್ಟ ಅರಗಿಸುವ ಶಕ್ತಿ ನಾಯಿಗೆ ತೋಳಕ್ಕಿಂತ ಹೆಚ್ಚಿದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅದನ್ನು ವಂಶವಾಹಿಯಲ್ಲೇ ಗುರುತಿಸಿದರು. ಆದರೆ ಬರೀ ಮುದ್ದೆ ಸಾಲದು. ಇರುವ ದುಡ್ಡನ್ನು ಪ್ರೋಟೀನಿಗೆ ಹಾಕು. ಮೊಟ್ಟೆ ಬೇಯಿಸಿ ಕೊಡು. ಕೋಳಿ ಅಂಗಡಿಯಲ್ಲಿ ಗಿರಾಕಿಗಳು ಬೇಡವೆನ್ನುವ ಗುಂಡಿಗೆ, ಕುತ್ತಿಗೆ, ಲಿವರ್ ಕೇಳು. ನಾಲ್ಕು ದಿನ ಮುಖ ತೋರಿಸಿದರೆ ಅಂಗಡಿಯವನೇ ಎತ್ತಿಟ್ಟಿರುತ್ತಾನೆ. ಲಿವರ್ ಮಾತ್ರ ಚೂರೇ ಇರಲಿ, ದಿನವೂ ಹೆಚ್ಚು ತಿಂದರೆ ವಿಟಮಿನ್ ಎ ಅತಿಯಾಗುತ್ತದೆ. ಕುತ್ತಿಗೆ ಬೆಂದ ಮೇಲೆ ಮಾಂಸ ಬಿಡಿಸಿ ಮೂಳೆ ಎಸೆದುಬಿಡು. ಬೆಂದ ಮೂಳೆ ಸೀಳಿ ಚೂಪಾಗಿ ಕರುಳಿಗೆ ಚುಚ್ಚುತ್ತದೆ. ಕರಾವಳಿಯಲ್ಲಿರುವವರಿಗೆ ಭೂತಾಯಿ ಮೀನಿದೆ, ಅವರ ಪುಣ್ಯ.

ಇಷ್ಟೆಲ್ಲ ಹೇಳಿದೆನೆಂದು ಮನೆಯೂಟವೇ ಪರಿಪೂರ್ಣ ಅಂದುಕೊಳ್ಳಬೇಡ. ಅದೇ 2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ನಾಯಿಗಳಿಗೆಂದೇ ಬರೆದ 200 ಮನೆಯಡುಗೆಗಳನ್ನು ಪರೀಕ್ಷಿಸಿದಾಗ ಶೇ. 95ರಲ್ಲಿ ಒಂದಲ್ಲ ಒಂದು ಪೋಷಕಾಂಶದ ಕೊರತೆಯಿತ್ತು. ಅವುಗಳಲ್ಲಿ ಪಶುವೈದ್ಯರು ಬರೆದವೂ ಇದ್ದವು! ಹಾಗಾಗಿ ನಾನು ಹೇಳುವುದು ಒಂದು ಹೊತ್ತು ಪ್ಯಾಕೆಟ್, ಒಂದು ಹೊತ್ತು ಮನೆಯೂಟ. ದೊಡ್ಡ ಹೆಸರಿನ ಕಂಪನಿಯದೇ ಬೇಕಿಲ್ಲ, ಬೆಳೆದ ನಾಯಿಗೆ ಸಂಪೂರ್ಣ ಆಹಾರವೆಂದು ಚೀಲದ ಮೇಲೆ ಬರೆದಿದ್ದರೆ ಸಾಕು. ಬಾಯಿ ಬಿಚ್ಚಿಟ್ಟ ಮೂಟೆಯಿಂದ ತೂಗಿ ಕೊಡುವುದನ್ನು ಕೊಳ್ಳಬೇಡ. ಅದರ ತಾರೀಕು ಯಾರಿಗೂ ಗೊತ್ತಿರುವುದಿಲ್ಲ, ಜಿಡ್ಡು ಕಮಟು ಹಿಡಿದಿರುತ್ತದೆ.

ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಮೊಟ್ಟೆ ಚಿಪ್ಪನ್ನು ತೊಳೆದು, ಕುದಿಸಿ, ಒಣಗಿಸಿ, ಬೆರಳಲ್ಲಿ ಉಜ್ಜಿದರೆ ತರಿ ಸಿಗದ ಹಾಗೆ ಮಿಕ್ಸಿಯಲ್ಲಿ ಪುಡಿ ಮಾಡಿಡು. ಕಾಲು ಟೀ ಚಮಚದಲ್ಲಿ ಸುಮಾರು ಅರ್ಧ ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕರಿಯನ ಒಂದು ಹೊತ್ತಿನ ಮನೆಯೂಟಕ್ಕೆ ಅಷ್ಟು ಸಾಕು. ಮರಿಗಳಿಗೆ ಈ ಲೆಕ್ಕ ಬೇಡ, ಬೆಳೆಯುವ ಎಲುಬಿನ ವಿಷಯ ಡಾಕ್ಟರನ್ನೇ ಕೇಳಬೇಕು.

ಎಷ್ಟು ಹಾಕಬೇಕೆಂಬುದನ್ನು ಕೈಯಿಂದ ತಿಳಿ. ಪಕ್ಕೆಲುಬು ಸವರಿದರೆ ಸಿಗಬೇಕು, ದೂರದಿಂದ ಎದ್ದು ಕಾಣಬಾರದು. ಚೆನ್ನಾಗಿ ತಿಂದೂ ಮೈ ಹಿಡಿಯದಿದ್ದರೆ ಜಂತುಹುಳು ಇರಬಹುದು. ನಿನ್ನ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗು, ರೇಬೀಸ್ ಲಸಿಕೆಯನ್ನೂ ಅಲ್ಲೇ ವಿಚಾರಿಸು. ಅಲ್ಲಿ ತೂಗಿದಾಗ ಎಷ್ಟು ಬಂತೆಂದು ನನಗೆ ಬರಿ.

ಇಂತಿ,
ನಿನ್ನ ದೊಡ್ಡಪ್ಪ