ದೂರದ ಓಟ ಮತ್ತು ಮಧುಮೇಹ: ಅನುಭವದ ಕೆಲವು ಮಾತುಗಳು

ಕಾಯಕ ನಡೆಯಬೇಕಾದರೆ ಕಾಯ ಗಟ್ಟಿಯಾಗಿರಬೇಕೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಲದಲ್ಲಿ ದುಡಿಯುವವರು, ಸಂತೆಗೆ ಹತ್ತು ಹನ್ನೆರಡು ಮೈಲು ನಡೆದು ಹೋಗಿ ಬರುವವರು ವ್ಯಾಯಾಮವೆಂಬ ಹೆಸರನ್ನು ಕೇಳದೆಯೇ ಅದನ್ನು ಮಾಡಿ ಮುಗಿಸುತ್ತಿದ್ದರು. ಕುರ್ಚಿಯ ಮೇಲಿನ ಕಾಯಕ ನಮ್ಮ ಪಾಲಿಗೆ ಬಂದ ಮೇಲೆ ಊಟ ಮಾತ್ರ ಹಳೆಯದೇ ಉಳಿಯಿತು; ಸಕ್ಕರೆ ಕಾಯಿಲೆ ಮನೆಮನೆಯನ್ನು ಹೊಕ್ಕಿತು. ಕಳೆದ ತಿಂಗಳ ಶಿವಾನುಭವ ಮುಗಿದ ಬಳಿಕ ಕೆಲವರು ಭಕ್ತರು, "ಮಾಸ್ತರ, ಈ ವಯಸ್ಸಿನ್ಯಾಗ ನೀವು ಹತ್ತ ಹನ್ನೆರಡ ಕಿಲೋಮೀಟರ್ ಓಡತೀರಂತಲ್ಲ, ಅದ್ಹೆಂಗ್ರಿ?" ಎಂದು ಕೇಳಿದರು. ಧಾರವಾಡದ ರಸ್ತೆಗಳಲ್ಲಿ ಹೀಗೆ ಓಡುತ್ತ ನಮಗೆ ಹನ್ನೊಂದು ವರ್ಷಗಳಾದವು. ಆ ಅವಧಿಯಲ್ಲಿ ಮಾಡಿದ ತಪ್ಪುಗಳನ್ನೇ ಮೊದಲು ಹೇಳಿದರೆ ಓದುಗರಿಗೆ ಹೆಚ್ಚು ಪ್ರಯೋಜನವಾದೀತು.

ನಾವು ಓಟಕ್ಕೆ ಇಳಿದದ್ದು ಭಯದಿಂದ. ಲಿಂಗೈಕ್ಯರಾದ ನಮ್ಮ ತಂದೆಯವರಿಗೆ ಮಧುಮೇಹವಿತ್ತು. ಅಂಗಾಲಿಗೆ ಚುಚ್ಚಿದ ಜಾಲಿಯ ಮುಳ್ಳು ಅವರಿಗೆ ನೋಯಲಿಲ್ಲ. ನೋಯದ್ದರಿಂದ ಯಾರೂ ನೋಡಲಿಲ್ಲ. ನೋಡುವಷ್ಟರಲ್ಲಿ ಗಾಯ ಕೊಳೆತಿತ್ತು. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಮೊಣಕಾಲಿನ ಕೆಳಗಿನ ಭಾಗವೇ ಹೋಯಿತು. ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯುತ್ತಿದ್ದವರು ಕೊನೆಯ ನಾಲ್ಕು ವರ್ಷ ಕಟ್ಟೆಯ ಮೇಲೆ ಕುಳಿತು ತೇರನ್ನು ನೋಡಿದರು. ನಲವತ್ತೇಳನೆಯ ವಯಸ್ಸಿನಲ್ಲಿ ನಮ್ಮ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ ಆ ಕಟ್ಟೆ ನೆನಪಾಯಿತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪ್ರಮಾಣ 8.6 ಇತ್ತು. ಮಧುಮೇಹವೆಂದು ಹೇಳಲು 6.5 ಸಾಕು.

ಓಟದಿಂದ ಸಕ್ಕರೆ ಇಳಿಯುವ ಬಗೆಯನ್ನು ತಿಳಿದಿರಬೇಕು. ದುಡಿಯುತ್ತಿರುವ ಸ್ನಾಯು ರಕ್ತದಲ್ಲಿಯ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿಗೆ ಕಾಯದೆ ಸೆಳೆದುಕೊಳ್ಳಬಲ್ಲದು. ಓಟ ಮುಗಿದ ಮೇಲೂ ಒಂದೆರಡು ದಿನಗಳವರೆಗೆ ಅದು ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತದೆ. ಆದಕಾರಣ ಭಾನುವಾರ ಒಂದೇ ದಿನ ಮೈಮುರಿದು ಓಡಿ ವಾರವೆಲ್ಲ ಸುಮ್ಮನಿರುವುದಕ್ಕಿಂತ, ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡದೆ ಸ್ವಲ್ಪ ಸ್ವಲ್ಪ ಓಡುವುದು ಲೇಸು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಅಥವಾ 75 ನಿಮಿಷಗಳ ತೀವ್ರ ಶ್ರಮ. ಅಷ್ಟಕ್ಕೆ ಮ್ಯಾರಥಾನ್ ಬೇಕಿಲ್ಲ.

ಆರಂಭದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ಜೊತೆಗಿದ್ದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಆಗುವಷ್ಟೇ ವೇಗ ಸಾಕು. ಏದುಸಿರು ಬಂದರೆ ನಡೆಯಬೇಕು. ವಾರದಿಂದ ವಾರಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ದೂರವನ್ನು ಸೇರಿಸಬಾರದೆಂಬ ಮಾತು ಓಟಗಾರರಲ್ಲಿ ರೂಢಿಯಲ್ಲಿದೆ. ನಾವು ಅದನ್ನು ಕೇಳಿಯೂ ಕೇಳದವರಂತೆ ನಾಲ್ಕನೆಯ ತಿಂಗಳಲ್ಲೇ ಇಪ್ಪತ್ತೊಂದು ಕಿಲೋಮೀಟರಿನ ಸ್ಪರ್ಧೆಗೆ ಹೆಸರು ಕೊಟ್ಟೆವು. ಮುಂಗಾಲಿನ ಎಲುಬಿನಲ್ಲಿ ಒಂದೇ ಕಡೆ, ಬೆರಳಿನಿಂದ ತೋರಿಸಬಹುದಾದಷ್ಟು ಜಾಗದಲ್ಲಿ ನೋವು ಕಾಣಿಸಿತು. ಎಣ್ಣೆ ತಿಕ್ಕಿ ಓಡಿದೆವು. ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿದೆಯೆಂದು ವೈದ್ಯರು ಹೇಳಿ ಎಂಟು ವಾರ ಕೂರಿಸಿದರು. ಎರಡೂ ಕಾಲಿನ ಸ್ನಾಯುಗಳಲ್ಲಿ ಬರುವ ಮೈಕೈ ನೋವು ಎರಡು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಿನಲ್ಲಿ, ಒಂದೇ ಚುಕ್ಕೆಯಲ್ಲಿ, ದಿನದಿಂದ ದಿನಕ್ಕೆ ಹೆಚ್ಚುವ ನೋವಿದ್ದರೆ ಓಡಬಾರದು.

ಇನ್ನು, ನಾವು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ನಮ್ಮಲ್ಲಿ ಅನೇಕರು ಇಷ್ಟಲಿಂಗ ಪೂಜೆಯಾಗದೆ ನೀರನ್ನೂ ಮುಟ್ಟುವುದಿಲ್ಲ. ನಾವೂ ಹಾಗೆಯೇ. ಮುಂಜಾನೆ ಎದ್ದು ಓಡಿ ಬಂದು, ಸ್ನಾನ ಮಾಡಿ, ಪೂಜೆ ಮುಗಿಸಿ, ಅನಂತರ ಉಪಾಹಾರ. ಇದು ನಮ್ಮ ಕ್ರಮವಾಗಿತ್ತು. ಐದು ವರ್ಷ ಏನೂ ಆಗಲಿಲ್ಲ. ಆಗ ನಾವು ತೆಗೆದುಕೊಳ್ಳುತ್ತಿದ್ದದ್ದು ಮೆಟ್‌ಫಾರ್ಮಿನ್ ಮಾತ್ರೆಯೊಂದೇ. ಅದೊಂದರಿಂದಲೇ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಆರನೆಯ ವರ್ಷ ವೈದ್ಯರು ಅದರೊಡನೆ ಗ್ಲಿಮೆಪಿರೈಡ್ ಸೇರಿಸಿದರು. ಈ ಜಾತಿಯ ಮಾತ್ರೆ, ಹೊಟ್ಟೆಯಲ್ಲಿ ಅನ್ನವಿರಲಿ ಇಲ್ಲದಿರಲಿ, ಇನ್ಸುಲಿನ್ನನ್ನು ಹೊರಡಿಸುತ್ತದೆ. ನಾವು ಬೆಳಗ್ಗೆ ಬರಿಹೊಟ್ಟೆಯಲ್ಲಿ ಓಡುತ್ತೇವೆಂಬುದನ್ನು ವೈದ್ಯರಿಗೆ ಹೇಳಿರಲಿಲ್ಲ. ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಶ್ರಾವಣ ಸೋಮವಾರ. ಹಿಂದಿನ ರಾತ್ರಿಯೇ ಉಪವಾಸದ ಸಿದ್ಧತೆಯೆಂದು ಎರಡು ಬಾಳೆಹಣ್ಣು ತಿಂದು, ರಾತ್ರಿಯ ಮಾತ್ರೆಯನ್ನು ರೂಢಿಯಂತೆ ನುಂಗಿ ಮಲಗಿದ್ದೆವು. ಮುಂಜಾನೆ ಐದೂವರೆಗೆ ಹೊರಟು ಕೆಲಗೇರಿ ಕೆರೆಯ ಕಡೆಗೆ ಓಡಿದೆವು. ಒಂಬತ್ತನೆಯ ಕಿಲೋಮೀಟರಿನ ಹೊತ್ತಿಗೆ ಮೈ ತಣ್ಣಗೆ ಬೆವರತೊಡಗಿತು. ಕೈಗಳು ನಡುಗಿದವು. ಹನ್ನೆರಡು ವರ್ಷ ಓಡಾಡಿದ ದಾರಿ ಯಾವ ಕಡೆಗೆ ಹೋಗುತ್ತದೆಂದು ತಿಳಿಯದಾಯಿತು. ರಸ್ತೆಯ ಬದಿಯಲ್ಲಿ ತೂರಾಡುತ್ತಿದ್ದ ನಮ್ಮನ್ನು ನೋಡಿ ಇಬ್ಬರು ಹುಡುಗರು, ಮುಂಜಾನೆಯೇ ಕುಡಿದಿದ್ದಾರೆಂದು ನಕ್ಕು ಹೋದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಹಾಲು ಮಾರುವ ತಾಯಿಯೊಬ್ಬರು ನಮ್ಮ ಕೊರಳಲ್ಲಿದ್ದ ಗುಂಡಗಡಗಿಯನ್ನು ಕಂಡು, ಇವರು ಕುಡಿಯುವವರಲ್ಲ ಎಂದುಕೊಂಡು ಹಿಡಿದು ಕೂರಿಸಿದರಂತೆ. ಅವರ ತಾಯಿಗೂ ಸಕ್ಕರೆ ಕಾಯಿಲೆಯಿದ್ದುದರಿಂದ ಲಕ್ಷಣ ಗೊತ್ತಾಗಿತ್ತು. ಪಕ್ಕದ ಚಹಾದ ಅಂಗಡಿಯಿಂದ ಸಕ್ಕರೆ ತುಂಬಿದ ಚಹಾ ತಂದು ಬಾಯಿಗೆ ಹಿಡಿದರೆ ನಾವು ಪೂಜೆಯಾಗಿಲ್ಲವೆಂದು ಎರಡು ಸಲ ಲೋಟವನ್ನು ದೂಡಿದೆವು. "ಅಣ್ಣಾರ, ಮೊದಲ ಜೀವ ಉಳಿಸ್ಕೋರಿ, ಶಿವ ಎಲ್ಲೂ ಹೋಗಂಗಿಲ್ಲ" ಎಂದು ಗದರಿಸಿ ಕುಡಿಸಿದರು. ಕಾಲು ಗಂಟೆಯಲ್ಲಿ ದಾರಿ ತಿಳಿಯಿತು, ಮನೆಯ ದೂರವಾಣಿ ಸಂಖ್ಯೆಯೂ ನೆನಪಾಯಿತು.

ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಹೀಗಾಗುತ್ತದೆ. ಆಗ ಮೂರು ಚಮಚೆ ಸಕ್ಕರೆಯನ್ನು, ಅಂದರೆ ಸುಮಾರು 15 ಗ್ರಾಮಿನಷ್ಟನ್ನು, ನೀರಿನಲ್ಲಿ ಕಲಸಿ ಕುಡಿದು ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕುಡಿಯಬೇಕು. ಅನಂತರ ಊಟ ಮಾಡಲೇಬೇಕು, ಏಕೆಂದರೆ ಮಾತ್ರೆಯ ಪ್ರಭಾವ ಇನ್ನೂ ಉಳಿದಿದ್ದು ಸಕ್ಕರೆ ಮರಳಿ ಇಳಿಯಬಹುದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಧಾರವಾಡದವರಾದ ನಮಗೆ ಜೇಬಿನಲ್ಲಿ ಇಟ್ಟುಕೊಳ್ಳಲು ಮೊದಲು ಹೊಳೆದದ್ದು ಪೇಡೆ. ಅದು ಸಲ್ಲದು, ಅದರಲ್ಲಿಯ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಗ್ಲುಕೋಸ್ ಪುಡಿಯ ಚಿಕ್ಕ ಪೊಟ್ಟಣವೇ ಸರಿ. ಹೆಸರು, ಮಧುಮೇಹಿ ಎಂಬ ಮಾತು, ಮನೆಯವರ ದೂರವಾಣಿ ಸಂಖ್ಯೆ ಇವನ್ನು ಬರೆದ ಚೀಟಿಯೂ ಜೊತೆಗಿರಲಿ.

ಆ ವಾರವೇ ಮಠಕ್ಕೆ ಹೋಗಿ ಹಿರಿಯರೊಬ್ಬರ ಮುಂದೆ ನಮ್ಮ ಸಂಕಟವನ್ನು ತೋಡಿಕೊಂಡೆವು. ಪೂಜೆಗೆ ಮೊದಲು ಹಣ್ಣು ತಿನ್ನಲು ಅಪ್ಪಣೆ ಸಿಕ್ಕೀತೇ ಎಂಬುದು ನಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆ. ಅವರು ನಕ್ಕು, "ಪೂಜಾ ಮುಗಿಸಿಕೊಂಡು ಓಡಿದ್ರ ಯಾರು ಬ್ಯಾಡ ಅಂದಾರ್ರೀ?" ಎಂದರು. ಇಷ್ಟು ಸರಳವಾದದ್ದು ನಮಗೇಕೆ ಹೊಳೆದಿರಲಿಲ್ಲವೋ! ಅಂದಿನಿಂದ ನಾಲ್ಕೂವರೆಗೆ ಏಳುತ್ತೇವೆ. ಸ್ನಾನ, ಪೂಜೆ, ಆಮೇಲೆ ಬೆರಳಿನ ರಕ್ತದ ಪರೀಕ್ಷೆ. 90ಕ್ಕಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣು ತಿಂದು ಸ್ವಲ್ಪ ಕಾಯ್ದು ಹೊರಡುತ್ತೇವೆ. ಇನ್ಸುಲಿನ್ ತೆಗೆದುಕೊಳ್ಳುವವರು 250ಕ್ಕಿಂತ ಮೇಲಿದ್ದಾಗ ವೈದ್ಯರನ್ನು ಕೇಳದೆ ಓಡಬಾರದು. ಓಟದ ಬಳಿಕ ಎರಡನೆಯ ಸ್ನಾನವಾಗುತ್ತದೆ. ಬೇಸಿಗೆಯಲ್ಲಿ ನೀರಿನ ಅಭಾವವಿದ್ದಾಗ ಮನೆಯವರ ಬೈಗುಳವೂ ಆಗುತ್ತದೆ. ಉಪವಾಸದ ದಿನ ನಾವು ಓಡುವುದಿಲ್ಲ. ಆ ದಿನ ಮಾತ್ರೆಯನ್ನು ಎಷ್ಟು, ಯಾವಾಗ ತೆಗೆದುಕೊಳ್ಳಬೇಕೆಂಬುದನ್ನು ಶ್ರಾವಣಕ್ಕೆ ಮೊದಲೇ ವೈದ್ಯರಲ್ಲಿ ಕೇಳಿ ಬರೆಯಿಸಿಕೊಂಡಿದ್ದೇವೆ. ಮಾತ್ರೆಯನ್ನು ತಾವೇ ಬಿಡುವುದು ಇನ್ನೊಂದು ಬಗೆಯ ಅಪಾಯ.

ಗುಂಡಗಡಗಿ ಓಡುವಾಗ ಎದೆಗೆ ಬಡಿದು ಚರ್ಮ ಕೆತ್ತುತ್ತದೆ. ಲಿಂಗವನ್ನು ಮೈಯಿಂದ ಅಗಲಿಸಲಾಗದು. ಮೆತ್ತನೆಯ ಅರಿವೆಯಲ್ಲಿ ಸುತ್ತಿ, ಶಿವದಾರವನ್ನು ಗಿಡ್ಡ ಮಾಡಿ, ಬನಿಯನ್ನಿನ ಒಳಗೆ ಅಲುಗದಂತೆ ಕಟ್ಟಿಕೊಂಡರೆ ಸರಿಹೋಗುತ್ತದೆ. ಹಣೆಯ ವಿಭೂತಿ ಬೆವರಿನೊಡನೆ ಕಣ್ಣಿಗಿಳಿದು ಉರಿಯುವುದಕ್ಕೆ ಮಾತ್ರ ನಮಗೆ ಇನ್ನೂ ಉಪಾಯ ಸಿಕ್ಕಿಲ್ಲ; ಕರವಸ್ತ್ರವೊಂದನ್ನು ಹಿಡಿದು ಓಡುತ್ತೇವೆ.

ಪಾದದ ಮಾತು. ಓಟ ಆರಂಭಿಸುವ ಮಧುಮೇಹಿ ಹೃದಯ ಮತ್ತು ಕಣ್ಣುಗಳೊಡನೆ ಪಾದಗಳ ಪರೀಕ್ಷೆಯನ್ನೂ ಮಾಡಿಸಬೇಕು. ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ಸ್ಪರ್ಶ ತಿಳಿಯುತ್ತದೆಯೇ ಎಂದು ವೈದ್ಯರು ನೋಡುತ್ತಾರೆ. ಎರಡು ನಿಮಿಷದ ಕೆಲಸ. ನಮ್ಮ ತಂದೆಯವರಿಗೆ ಯಾರೂ ಮಾಡಿರಲಿಲ್ಲ. ಸ್ಪರ್ಶ ಕುಂದಿದ್ದರೆ ಓಟದ ಆಸೆಯನ್ನು ಬಿಟ್ಟು ಸೈಕಲ್ಲನ್ನೋ ಈಜನ್ನೋ ವೈದ್ಯರ ಸಲಹೆಯಂತೆ ಆರಿಸಿಕೊಳ್ಳಬೇಕು. ಚೆನ್ನಾಗಿದ್ದವರೂ ಪ್ರತಿ ರಾತ್ರಿ ಕನ್ನಡಿ ಹಿಡಿದು ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ಬೂಟನ್ನು ಸಂಜೆ, ಪಾದ ತುಸು ಊದಿಕೊಂಡಿರುವಾಗ ಕೊಳ್ಳುವುದು ಲೇಸು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟು ಬೊಬ್ಬೆ ಎಬ್ಬಿಸುತ್ತದೆ. ತೊಡುವ ಮೊದಲು ಬೂಟನ್ನು ಕೊಡವಬೇಕು. ಐದುನೂರರಿಂದ ಎಂಟುನೂರು ಕಿಲೋಮೀಟರು ಓಡಿದ ಬೂಟು ಮೇಲೆ ಹೊಸದಾಗಿ ಕಂಡರೂ ಅಡಿಯಲ್ಲಿ ಸತ್ತಿರುತ್ತದೆ.

ಸಸ್ಯಾಹಾರಿಗಳಾದ ನಮಗೆ ಇನ್ನೊಂದು ಎಚ್ಚರಿಕೆ. ಬಿ12 ಜೀವಸತ್ವ ನಮ್ಮ ಊಟದಲ್ಲಿ ಹಾಲು, ಮೊಸರುಗಳ ಹೊರತು ಬೇರೆಡೆ ಸಿಗುವುದು ಕಷ್ಟ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡರೆ ಅದು ಇನ್ನೂ ತಗ್ಗುತ್ತದೆ. ಅದರ ಕೊರತೆಯಿಂದಲೂ ಪಾದ ಜೋಮು ಹಿಡಿಯುತ್ತದೆ, ಮಧುಮೇಹದ ಜೋಮಿನಂತೆಯೇ. ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು ಓಟಗಾರನಿಗೆ ಸಾಲದೆಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ. ಊಟದೊಡನೆ ಚಹಾ ಕುಡಿಯುವುದನ್ನು ಬಿಟ್ಟು ನಿಂಬೆಹುಳಿ ಹಿಂಡಿಕೊಂಡರೆ ಕಾಳಿನ ಕಬ್ಬಿಣದಂಶ ಚೆನ್ನಾಗಿ ಮೈಗೆ ಹತ್ತುತ್ತದೆ.

ಬಾಯಾರಿದಷ್ಟು ನೀರು ಕುಡಿದರೆ ಸಾಕು. ದೂರದ ಓಟದಲ್ಲಿ ಅತಿಯಾಗಿ ನೀರು ಕುಡಿದು ರಕ್ತದ ಸೋಡಿಯಂ ಇಳಿದು ಅಪಾಯಕ್ಕೆ ಗುರಿಯಾದವರುಂಟು. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಬೇಕು. ರಸ್ತೆಯಲ್ಲಿ ಬಲಗಡೆಯಿಂದ, ವಾಹನಗಳಿಗೆ ಎದುರಾಗಿ ಓಡಬೇಕು. ನಾಯಿ ಬೆನ್ನಟ್ಟಿದರೆ ಓಡದೆ ನಿಂತು, ಮೆಲ್ಲನೆ ನಡೆದು ದಾಟಬೇಕು.

ಕಳೆದ ಪರೀಕ್ಷೆಯಲ್ಲಿ ನಮ್ಮ ಎಚ್‌ಬಿಎ1ಸಿ 6.7 ಇತ್ತು, ಗ್ಲಿಮೆಪಿರೈಡನ್ನು ವೈದ್ಯರೇ ನಿಲ್ಲಿಸಿದ್ದಾರೆ. ಹೊಸದಾಗಿ ಆರಂಭಿಸಬಯಸುವ ಭಕ್ತರು ವೈದ್ಯರಿಗೆ ಪಾದ ತೋರಿಸಿ, ತಾವು ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನೂ ಬೆಳಗಿನ ಪೂಜೆ, ಊಟಗಳ ಹೊತ್ತನ್ನೂ ಅವರಿಗೆ ತಿಳಿಸಿ ಬಂದರೆ, ವಿಶ್ವವಿದ್ಯಾಲಯದ ಆವರಣದಲ್ಲಿ ಬೆಳಗಿನ ಆರು ಗಂಟೆಗೆ ನಮ್ಮೊಡನೆ ಕೂಡಿಕೊಳ್ಳಬಹುದು. ಸೋಮವಾರ ಬಿಡುವು.