ಮಣಲಿಯಲ್ಲಿ ಕೂತು ಕನ್ನಡ ಡಿಸೈನ್: ಗೆಲ್ಲಲು ಈ ಪದಗಳನ್ನು ಕರಗತ ಮಾಡಿಕೊಳ್ಳಿ

ಚೆನ್ನೈನ ಮಣಲಿಯಲ್ಲಿರುವ ಮದ್ರಾಸ್ ಫರ್ಟಿಲೈಸರ್ಸ್‌ನ ಗೊಬ್ಬರ ಕರ್ನಾಟಕದ ಹೊಲಗಳಿಗೂ ಹೋಗುತ್ತದೆ. ಇಂಥ ಕೈಗಾರಿಕಾ ಊರಿನಲ್ಲಿ ಚೀಲ, ಲೇಬಲ್, ಬ್ಯಾನರ್‌ಗಳ ಮೇಲೆ ಕನ್ನಡವನ್ನು ಚೆಂದವಾಗಿ ಕೂರಿಸಬಲ್ಲವರಿಗೆ ಬೆಲೆ ಇದ್ದೇ ಇದೆ. ಆ ಡಿಸೈನರ್ ನೀವೇ ಆಗಿ.

1. ಅನುಮಾನ ಬಿಡಿ. ತಮಿಳರ ಊರಲ್ಲಿ ಕನ್ನಡಕ್ಕೇನು ಕೆಲಸ ಎನ್ನಬೇಡಿ. ಮೆಕ್ಕೆರೆಲ್‌ನ ಕನ್ನಡ ವ್ಯಾಕರಣ 1820ರಲ್ಲಿ, ರೀವ್‌ನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಅಚ್ಚಾದದ್ದು ಇದೇ ಮದ್ರಾಸಿನಲ್ಲಿ. ನಿಮ್ಮ ಕಸುಬಿಗೆ ಇಲ್ಲಿ 200 ವರ್ಷಗಳ ಬೇರಿದೆ.

2. ಟೈಪ್‌ಫೇಸ್ ಮತ್ತು ಫಾಂಟ್ ಬೇರೆ ಬೇರೆ ಎಂದು ತಿಳಿಯಿರಿ. ನೋಟೋ ಸಾನ್ಸ್ ಕನ್ನಡ ಒಂದು ಕುಟುಂಬ, ಅದು ಟೈಪ್‌ಫೇಸ್. ಅದರ ಬೋಲ್ಡ್ ಒಂದು ಫಾಂಟ್. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರಗಳಿಲ್ಲ. ಹಾಗಾಗಿ ಶೀರ್ಷಿಕೆ ಎದ್ದು ಕಾಣಲು ವೇಯ್ಟ್ (ಅಕ್ಷರದ ದಪ್ಪ) ಮತ್ತು ಅಳತೆಯನ್ನೇ ದುಡಿಸಿಕೊಳ್ಳಿ.

3. ಲೀಡಿಂಗ್, ಅಂದರೆ ಸಾಲುಗಳ ನಡುವಿನ ಅಂತರ, ಹೆಚ್ಚಿಸಿ. ಮೊಳೆ ಜೋಡಿಸುವ ಕಾಲದಲ್ಲಿ ಸಾಲುಗಳ ನಡುವೆ ಸೀಸದ ಪಟ್ಟಿ ಇಡುತ್ತಿದ್ದರು, ಹೆಸರು ಬಂದದ್ದು ಅಲ್ಲಿಂದ. ಇಂಗ್ಲಿಷಿನ ಲೆಕ್ಕ ಇಲ್ಲಿ ನಡೆಯದು. ‘ರಾಷ್ಟ್ರ’ ಎಂದು ಟೈಪ್ ಮಾಡಿ ನೋಡಿ: ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತವೆ. 12 ಪಾಯಿಂಟ್ ಅಕ್ಷರಕ್ಕೆ ಲೀಡಿಂಗ್ 18 ಪಾಯಿಂಟ್‌ನಿಂದ ಶುರು ಮಾಡಿ, ಕಣ್ಣಿಗೆ ಹಿತವಾಗುವವರೆಗೆ ಹೊಂದಿಸಿ.

4. ಕೌಂಟರ್ ಕಾಪಾಡಿ. ಕೌಂಟರ್ ಎಂದರೆ ಅಕ್ಷರದೊಳಗಿನ ಖಾಲಿ ಜಾಗ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಕನ್ನಡದಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸ ಎಷ್ಟೋ ಸಲ ಹೊಟ್ಟೆಯ ಒಂದು ಸಣ್ಣ ಸೀಳು ಮಾತ್ರ. ನೇಯ್ದ ಪ್ಲಾಸ್ಟಿಕ್ ಚೀಲದ ಮೇಲೆ ಶಾಯಿ ಹರಡಿ ಆ ಸೀಳು ಮುಚ್ಚಿಹೋದರೆ ‘ಧನ’ ‘ದನ’ವಾಗುತ್ತದೆ. ತೀರಾ ದಪ್ಪ ಫಾಂಟ್ ಬೇಡ. ಹೊಟ್ಟೆ ಅಗಲವಾಗಿರುವುದನ್ನು ಆರಿಸಿ. ಚೀಲದ ಮೇಲಿನ ಗೊಬ್ಬರ ಬಳಕೆಯ ಪ್ರಮಾಣವನ್ನು ರೈತ ಹೊಲದ ಬದುವಿನಲ್ಲಿ ನಿಂತು ಓದಬೇಕು.

5. ಕರ್ನಿಂಗ್ ಕಲಿಯಿರಿ, ಟ್ರ್ಯಾಕಿಂಗ್‌ನಲ್ಲಿ ಮಿತಿ ಇರಲಿ. ಎರಡು ಅಕ್ಷರಗಳ ನಡುವಿನ ಅಂತರ ತಿದ್ದುವುದು ಕರ್ನಿಂಗ್, ಇಡೀ ಸಾಲಿನದ್ದು ಟ್ರ್ಯಾಕಿಂಗ್. ಟ್ರ್ಯಾಕಿಂಗ್ ಅತಿಯಾಗಿ ಹಿಗ್ಗಿಸಿದರೆ ಕೊಂಬು, ದೀರ್ಘಗಳು ಅಕ್ಷರದಿಂದ ಕಳಚಿಕೊಂಡಂತೆ ಕಾಣುತ್ತವೆ.

6. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟ್‌ನ ಫೈಲ್ ಇನ್ನೊಂದು ಕಂಪ್ಯೂಟರ್‌ಗೆ ಹೋಗಿ ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಓದಲಾಗದ ಗೀಚಾಗುತ್ತದೆ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಕಲಿಯಿರಿ, ಕೈ ಓಡುತ್ತದೆ. ಇನ್‌ಡಿಸೈನ್‌ನಲ್ಲಿ ಒತ್ತು ಮುರಿದು ಪಕ್ಕಕ್ಕೆ ಬಿದ್ದರೆ ಗಾಬರಿ ಬೇಡ: ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ.

7. ಪ್ರೆಸ್ಸಿನ ಭಾಷೆ ಮಾತಾಡಿ. ಬಣ್ಣ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಪದ್ಧತಿ). ಕರಪತ್ರಕ್ಕೆ ಬ್ಲೀಡ್ (ಕತ್ತರಿಸುವ ಗೆರೆಯಾಚೆ ಚಾಚುವ ವಿನ್ಯಾಸ) 3 ಮಿ.ಮೀ. ಫೋಟೋ 300 ಡಿಪಿಐ. ಕಳಿಸುವ ಮುನ್ನ ಅಕ್ಷರಗಳನ್ನು ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿ, ಅಂದರೆ ಔಟ್‌ಲೈನ್ ಮಾಡಿ, ತಿದ್ದಲು ಬರುವ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಪ್ರೆಸ್ಸಿನವರಿಗೆ ಕನ್ನಡ ಬರದಿರಬಹುದು. ಪ್ರೂಫನ್ನು ನಿಜ ಅಳತೆಯಲ್ಲೇ ಮುದ್ರಿಸಿ, ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಪ್ರತಿ ಒತ್ತನ್ನೂ ನೀವೇ ಗಟ್ಟಿಯಾಗಿ ಓದಿ. ಆಮೇಲಷ್ಟೇ ಸಹಿ ಹಾಕಿ.