‘ಬಹುದು’, ‘ಬೇಕು’ ಮತ್ತು ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳು

ಹಿಂದಿ, ಮರಾಠಿ, ತಮಿಳನ್ನು ನಾವು ಹೋಟೇಲಿನವರು ಗಲ್ಲಾದಲ್ಲಿ ಕುಳಿತೇ ಕಲಿತುಬಿಡುತ್ತೇವೆ. ಇಂಗ್ಲಿಷ್ ಹೆಚ್ಚಾಗಿ ಕಾಗದದ ಮೂಲಕ ಬರುತ್ತದೆ: ಪರವಾನಿಗೆಯ ಷರತ್ತು, ನೋಟೀಸು, ಬಾಡಿಗೆ ಕರಾರು, ಪಾರ್ಟಿ ಆರ್ಡರಿನ ಪತ್ರ. ಅದರಲ್ಲಿನ ದೊಡ್ಡ ದೊಡ್ಡ ಶಬ್ದಗಳಿಗೆ ನಾವು ಹೆದರುತ್ತೇವೆ. ಆದರೆ ಅವುಗಳ ಅರ್ಥ ನಿಘಂಟಿನಲ್ಲಿ ಸಿಗುತ್ತದೆ. ಹೊಣೆ ಯಾರದು, ಎಷ್ಟು ಎಂದು ತೀರ್ಮಾನಿಸುವುದು ಕ್ಯಾನ್, ಮೇ, ವಿಲ್, ಮಸ್ಟ್, ಶಲ್ ಎಂಬ ಪುಟ್ಟ ಶಬ್ದಗಳು. ಸಹಾಯಕ ಕ್ರಿಯಾಪದಗಳಲ್ಲಿ ಮೋಡಲ್ ಎಂಬ ಪಂಗಡ ಇವುಗಳದ್ದು.

ಕನ್ನಡದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಎರಡೇ ಶಬ್ದ ನಡೆಸುತ್ತವೆ. ‘ಮಳೆ ಬರಬಹುದು’ ಎಂದರೆ ಸಂಭವ, ‘ಒಳಗೆ ಬರಬಹುದು’ ಎಂದರೆ ಅನುಮತಿ. ಇಂಗ್ಲಿಷಿನಲ್ಲಿ ಸಾಮರ್ಥ್ಯಕ್ಕೆ ಕ್ಯಾನ್, ಸಂಭವಕ್ಕೆ ಮೇ ಅಥವಾ ಮೈಟ್. ಅನುಮತಿಗೆ ಕ್ಯಾನ್ ನಡೆದರೂ ಮೇ ಹೆಚ್ಚು ಮರ್ಯಾದೆಯದು. ಮದುವೆಯ 500 ಎಲೆ ಊಟದ ಪತ್ರದಲ್ಲಿ ‘ವೀ ಮೇ ಡೆಲಿವರ್ ಬೈ ಟ್ವೆಲ್ವ್’ ಎಂದು ಬರೆದರೆ ಬೀಗರ ಎದೆ ಧಸಕ್ಕೆನ್ನುತ್ತದೆ: ಬಂದರೆ ಬಂತು, ಇಲ್ಲದಿದ್ದರೆ ಇಲ್ಲ! ‘ವೀ ಕ್ಯಾನ್’ ಎಂದರೆ ನಮ್ಮ ಕೈಲಾಗುತ್ತದೆ ಎಂದಷ್ಟೇ, ಮಾಡಿಯೇ ಕೊಡುತ್ತೇವೆ ಎಂದಲ್ಲ. ‘ವೀ ವಿಲ್’ ಎಂದರೆ ಮಾತು ಕೊಟ್ಟಂತೆ. ಟೆಂಪೋ, ಅಡುಗೆಯವರು, ಗ್ಯಾಸು ಎಲ್ಲ ನೋಡಿಕೊಂಡು ವಿಲ್ ಬರೆಯುವುದು ಕ್ಷೇಮ.

‘ಬೇಕು’ ಇನ್ನೂ ಕಷ್ಟದ್ದು. ‘ಏನು ಬೇಕು ಸಾರ್?’ ಎಂಬುದರ ನೇರ ಅನುವಾದವೇ ನಮ್ಮ ವೈಟರುಗಳ ‘ವಾಟ್ ಯು ವಾಂಟ್?’ ಕನ್ನಡದಲ್ಲಿ ಅದು ಉಪಚಾರ, ಇಂಗ್ಲಿಷಿನಲ್ಲಿ ಜಗಳಕ್ಕೆ ನಿಂತಂತೆ. ‘ವಾಟ್ ವುಡ್ ಯು ಲೈಕ್?’ ಎಂದು ಹುಡುಗರಿಗೆ ಬಾಯಿಪಾಠ ಮಾಡಿಸಿದರೆ ಸಾಕು. ಹಾಗೆಯೇ ‘ಕ್ಯಾನ್ ಏಬಲ್ ಟು’, ‘ಮಸ್ಟ್ ಟು’ ಎರಡೂ ತಪ್ಪು. ಈ ಶಬ್ದಗಳ ಹಿಂದೆ ಕ್ರಿಯಾಪದ ಬರಿ ಮೈಯಲ್ಲಿ ಬರುತ್ತದೆ: ಕ್ಯಾನ್ ಕುಕ್, ಮಸ್ಟ್ ಪೇ.

ನಿಷೇಧದಲ್ಲಿ ನಿಜವಾದ ಅಪಾಯ. ‘ಮುಂಗಡ ಕೊಡಬೇಕಾಗಿಲ್ಲ’ ಎನ್ನಲು ‘ಯು ಮಸ್ಟ್ ನಾಟ್ ಪೇ ಅಡ್ವಾನ್ಸ್’ ಎಂದರೆ ‘ಕೊಡಕೂಡದು’ ಎಂದಾಯಿತು. ಬೇಕಾಗಿಲ್ಲ ಎಂಬುದಕ್ಕೆ ‘ನೀಡ್ ನಾಟ್’ ಅಥವಾ ‘ಡೋಂಟ್ ಹ್ಯಾವ್ ಟು’.

ಇನ್ನು ಸರಕಾರದ ಭಾಷೆ. ಅಲ್ಲಿ ಶಲ್ ಎಂದರೆ ಸಾಮಾನ್ಯವಾಗಿ ಕಡ್ಡಾಯ, ಮೇ ಎಂದರೆ ಅಧಿಕಾರಿಯ ವಿವೇಚನೆ. 2006ರ ಆಹಾರ ಸುರಕ್ಷತೆ ಕಾಯಿದೆಯ 31ನೇ ಕಲಮು ಪರವಾನಿಗೆಯ ವಿಷಯದಲ್ಲಿ ಶಲ್ ಎನ್ನುತ್ತದೆ. 32ನೇ ಕಲಮಿನಲ್ಲಿ ಅಧಿಕಾರಿ ಸುಧಾರಣೆಯ ನೋಟೀಸು ಕೊಡಬಹುದು, ಅಲ್ಲಿರುವುದು ಮೇ. ಸರಿಪಡಿಸಲು 14 ದಿನಕ್ಕೆ ಕಡಿಮೆಯಿಲ್ಲದ ಅವಧಿ ಕೊಡಬೇಕು. ಪಾಲಿಸದಿದ್ದರೆ ಪರವಾನಿಗೆ ಅಮಾನತಾಗಬಹುದು, ಪುನಃ ಮೇ. ಅಂದರೆ ನೋಟೀಸು ಬಂದ ಕೂಡಲೇ ಅಂಗಡಿ ಮುಚ್ಚಿತೆಂದು ತಲೆಯ ಮೇಲೆ ಕೈ ಹೊರಬೇಕಾಗಿಲ್ಲ, ಹಾಗೆಂದು ಡ್ರಾವರಿನಲ್ಲಿ ಇಟ್ಟು ಮರೆಯಲೂ ಕೂಡದು. ಮೇಲ್ಮನವಿಗೆ 15 ದಿನ ಅಥವಾ ನೋಟೀಸಿನಲ್ಲಿ ಕೊಟ್ಟ ಅವಧಿ, ಯಾವುದು ಮೊದಲು ಮುಗಿಯುವುದೋ ಅಷ್ಟೇ ಸಮಯ.

ಸರ್ವಿಸ್ ಚಾರ್ಜಿನ ವಿಷಯ ನಮ್ಮವರಿಗೆ ಗೊತ್ತಿದ್ದದ್ದೇ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವ ಬಗ್ಗೆ ಇರುವುದು ‘ಶಲ್ ನಾಟ್’. ಹೆಸರು ಮಾರ್ಗಸೂಚಿ, ಹಾಗಾಗಿ ಬರೀ ಸಲಹೆ, ‘ಶುಡ್ ನಾಟ್’ ಇದ್ದಂತೆ ಎಂದು ಭಾವಿಸಿದವರಿದ್ದರು. ಹೋಟೇಲು ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋದವು, ಅದೇ ತಿಂಗಳು ತಡೆಯಾಜ್ಞೆಯೂ ಸಿಕ್ಕಿತು. ಆದರೆ 2025ರ ಮಾರ್ಚ್ 28ರಂದು ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗಿರಾಕಿ ಮನಸ್ಸಾರೆ ಟಿಪ್ಸ್ ಕೊಟ್ಟರೆ ಅಡ್ಡಿಯಿಲ್ಲ. ಗಿರಾಕಿಗೆ ಮೇ, ನಮಗೆ ಶಲ್ ನಾಟ್!

ಒಂದು ಎಚ್ಚರಿಕೆ: ನ್ಯಾಯಾಲಯಗಳು ಸಂದರ್ಭ ನೋಡಿ ಕೆಲವೊಮ್ಮೆ ಮೇ ಎಂಬುದನ್ನು ಕಡ್ಡಾಯವೆಂದೂ, ಶಲ್ ಎಂಬುದನ್ನು ಸಡಿಲವಾಗಿಯೂ ಓದಿದ್ದುಂಟು. ಆದುದರಿಂದ ಕಾಗದ ಬಂದಾಗ ಈ ಪುಟ್ಟ ಶಬ್ದಗಳ ಅಡಿಯಲ್ಲಿ ಕೆಂಪು ಗೆರೆ ಎಳೆದು, ಬಂದ ತಾರೀಕು ಬರೆದು ವಕೀಲರಲ್ಲಿಗೆ ಒಯ್ಯುವುದು.